ಇಪ್ಪತ್ತೈದು ಗಜದ ಕಥೆ: ಅಪ್ಪನ ಲೈಸೆನ್ಸ್ ಪುಸ್ತಕ

ಮೊನ್ನೆ ಊರಿಗೆ ಹೋಗಿದ್ದಾಗ ಅಪ್ಪನ ಟ್ರಂಕು ಕೆದಕುತ್ತಾ ಕೂತಿದ್ದೆ. ಪಹಣಿ, ಕಂದಾಯದ ರಸೀತಿ, ಕಬ್ಬು ಹಾಕಿದ ಹಳೇ ತೂಕದ ಚೀಟಿಗಳ ನಡುವೆ ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ಅಪ್ಪನ ಮೊದಲ ಡ್ರೈವಿಂಗ್ ಲೈಸೆನ್ಸ್. 1974ರದ್ದು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು (1973ರ ನವೆಂಬರ್ 1) ಇನ್ನೂ ಆರು ತಿಂಗಳೂ ಆಗಿರಲಿಲ್ಲ. ಒಳಗೆ ಮೀಸೆ ಈಗಷ್ಟೇ ದಪ್ಪವಾಗುತ್ತಿರುವ ಅಪ್ಪನ ಫೋಟೋ. ಮುಂದಿನ ಹಾಳೆಗಳ ತುಂಬಾ ನವೀಕರಣದ ಸೀಲುಗಳು, ಒಂದರ ಮೇಲೊಂದು.

ಎಲ್ಲರ ಮನೆಯಲ್ಲೂ ಇರುವಂಥ ಪುಸ್ತಕ, ಇದರಲ್ಲೇನು ಇತಿಹಾಸ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 2023ರಲ್ಲಿ ಅಪ್ಪನ ಲೈಸೆನ್ಸ್ ರಿನ್ಯೂ ಮಾಡಿಸಲು ಓಡಾಡಿದ ಮೇಲೆ ಆ ಸೀಲುಗಳ ಹಿಂದೆ ಒಂದು ದೊಡ್ಡ ಕಥೆ ಇದೆ ಅಂತ ಗೊತ್ತಾಯಿತು. ಅದನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ, ಸಹಿಸಿಕೊಳ್ಳಿ :-)

ಮೊದಲು ಒಂದು ತಾರೀಕು ನೋಡಿ. 1939ರ ಜುಲೈ 1. ಮೈಸೂರು ಜಿಲ್ಲೆಯಿಂದ ಬೇರೆಯಾಗಿ ನಮ್ಮ ಮಂಡ್ಯ ಜಿಲ್ಲೆ ಹುಟ್ಟಿದ ದಿನ. ವಿಚಿತ್ರ ಅಂದರೆ, ಬ್ರಿಟಿಷ್ ಇಂಡಿಯಾದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದೂ ಅದೇ ದಿನ. ಅದಕ್ಕೆ ಮುಂಚೆ 1914ರ ಕಾಯ್ದೆ ಇತ್ತು. ಈ ಎರಡಕ್ಕೂ ನಂಟೇನೂ ಇಲ್ಲ ಬಿಡಿ. ನಮ್ಮದು ಮಹಾರಾಜರ ಸಂಸ್ಥಾನ, ಆ ಕಾಯ್ದೆ ನಮಗೆ ನೇರವಾಗಿ ಅನ್ವಯಿಸುತ್ತಲೇ ಇರಲಿಲ್ಲ. ಸ್ವಾತಂತ್ರ್ಯ ಬಂದು ಮೈಸೂರು 'ಭಾಗ ಬಿ' ರಾಜ್ಯ ಅನ್ನಿಸಿಕೊಂಡ ಮೇಲೆ, 1951ರಲ್ಲಿ, ಕೇಂದ್ರದ ಹಲವು ಕಾಯ್ದೆಗಳ ಜೊತೆ ಇದೂ ಇಲ್ಲಿಗೆ ಬಂತು. ಅಪ್ಪ 1974ರಲ್ಲಿ ಲೈಸೆನ್ಸ್ ತೆಗೆಸಿದ್ದು ಅದೇ ಕಾಯ್ದೆಯಡಿ.

ಆ ಕಾಲದ ಮಂಡ್ಯವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಕನ್ನಂಬಾಡಿಯ ನೀರು ನಾಲೆಗೆ ಬಂದು, 1933ರಲ್ಲಿ ಮೈಶುಗರ್ ಶುರುವಾಗಿ ಊರೂರಲ್ಲಿ ಕಬ್ಬು ಎದ್ದಿತ್ತು. ಆದರೆ ರಸ್ತೆಯ ಮೇಲೆ ಮೋಟಾರು ಅಂದರೆ ಸಾಹುಕಾರರದ್ದು, ಇಲ್ಲಾ ಖಾಸಗಿ ಬಸ್ಸಿನವರದ್ದು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಬಸ್ಸುಗಳು ಹೊಗೆ ಉಗುಳುತ್ತಾ ಓಡಾಡಿದವು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹೊರಟಿದ್ದು 1948ರ ಸೆಪ್ಟೆಂಬರ್ 12ರಂದು. ಅಂದರೆ ಲೈಸೆನ್ಸ್ ಅನ್ನುವುದು ಆಗ ರೈತನ ಜೇಬಿನ ವಸ್ತುವೇ ಅಲ್ಲ. ಅದು ಕಾರಿಟ್ಟ ಮಾಲೀಕನದ್ದು, ಅಥವಾ ಅವನ ಹತ್ತಿರ ಸಂಬಳಕ್ಕಿದ್ದ ಡ್ರೈವರನದ್ದು.

ಕಾಯ್ದೆ ಈ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಲಿಲ್ಲ ಅನ್ನುವುದು ಗಮನಿಸಬೇಕಾದ ಸಂಗತಿ. ಸಂಬಳಕ್ಕೆ ಗಾಡಿ ಓಡಿಸುವವನು ಅರ್ಜಿಯ ಜೊತೆ ಡಾಕ್ಟರ ಸರ್ಟಿಫಿಕೇಟು ತರಬೇಕಿತ್ತು. ಸ್ವಂತ ಗಾಡಿ ಓಡಿಸುವವನಿಗೆ ಅವನ ಮಾತೇ ಸಾಕು, ನನಗೆ ಇಂಥಿಂಥ ಕಾಯಿಲೆ ಇಲ್ಲ ಅಂತ ಬರೆದು ಸಹಿ ಹಾಕಿದರೆ ಮುಗಿಯಿತು. ದುಡಿಯುವವನ ಮೈಗೆ ಸಾಕ್ಷಿ ಬೇಕು, ಉಳ್ಳವನಿಗೆ ಬೇಡ!

ಇನ್ನೊಂದು ವಿಷಯ. ಆ ಕಾಯ್ದೆಯ ಮೊದಲ ರೂಪದಲ್ಲಿ ಲೈಸೆನ್ಸಿನ ಆಯಸ್ಸು ಬರೀ ಹನ್ನೆರಡು ತಿಂಗಳು. ಇಪ್ಪತ್ತರ ಹುಡುಗನಾಗಲಿ, ಎಪ್ಪತ್ತರ ಮುದುಕನಾಗಲಿ, ವರ್ಷಕ್ಕೊಮ್ಮೆ ಹೋಗಿ ಸೀಲು ಹಾಕಿಸಿಕೊಳ್ಳಬೇಕು. ಮುಂದೆ ತಿದ್ದುಪಡಿಗಳಾಗಿ ಈ ಅವಧಿ ಬೆಳೆಯಿತು. ಅಪ್ಪನ ಪುಸ್ತಕದಲ್ಲಿ ಅಷ್ಟೊಂದು ಸೀಲುಗಳಿರುವುದಕ್ಕೆ ಕಾರಣ, ಆಗ ಇನ್ನೂ ಕೆಲವೇ ವರ್ಷಕ್ಕೊಮ್ಮೆ ಹೋಗಬೇಕಾಗಿತ್ತು.

ಆಮೇಲೆ ಬಂದದ್ದು 1988ರ ಕಾಯ್ದೆ. ಅದು ಜಾರಿಗೆ ಬಂದದ್ದು 1989ರ ಜುಲೈ 1ರಂದು, ಸರಿಯಾಗಿ ಐವತ್ತು ವರ್ಷಕ್ಕೆ. ಇಲ್ಲಿ ದೊಡ್ಡ ಬದಲಾವಣೆ ಆಯಿತು. ಲೈಸೆನ್ಸಿನ ಅವಧಿಗೂ ಮನುಷ್ಯನ ವಯಸ್ಸಿಗೂ ಗಂಟು ಬಿತ್ತು. ಸ್ವಂತ ಗಾಡಿಯವರು ಚಿಕ್ಕವರಾದರೆ ಇಪ್ಪತ್ತು ವರ್ಷದವರೆಗೂ ಕೇಳುವವರಿಲ್ಲ. ವಯಸ್ಸಾದ ಮೇಲೆ ಐದೈದು ವರ್ಷ ಮಾತ್ರ. 2019ರಲ್ಲಿ ಈ ಲೆಕ್ಕ ಮತ್ತೆ ಬದಲಾಯಿತು. ಈಗ 30 ತುಂಬದವರಿಗೆ 40ರವರೆಗೆ, 30ರಿಂದ 50ರ ಒಳಗಿನವರಿಗೆ ಹತ್ತು ವರ್ಷ, 50ರಿಂದ 55ರ ಒಳಗಿನವರಿಗೆ 60ರವರೆಗೆ, 55 ದಾಟಿದವರಿಗೆ ಐದು ವರ್ಷ. ಮೇಲಿನ ಮಿತಿ ಇಲ್ಲ. ತೊಂಬತ್ತಾದರೂ ಗಟ್ಟಿಮುಟ್ಟಾಗಿದ್ದರೆ ಓಡಿಸಬಹುದು.

ಈ ಎಲ್ಲಾ ಲೆಕ್ಕ ನಿಂತಿರುವುದು ಹುಟ್ಟಿದ ತಾರೀಕಿನ ಮೇಲೆ ತಾನೆ? ಅಲ್ಲೇ ಇರುವುದು ತಮಾಷೆ. ಅಪ್ಪನ ಲೈಸೆನ್ಸಿನಲ್ಲಿ ಜನ್ಮದಿನ 1-6-1948. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮುಖ ನೋಡಿ ಬರೆದ ತಾರೀಕು ಅದು. ಅಜ್ಜಿ ಬದುಕಿರುವವರೆಗೂ ಹೇಳುತ್ತಿದ್ದಳು, "ಗಾಂದಿ ಸತ್ತಾಗ ಇವ್ನು ಅಟ್ಟಿ ತುಂಬಾ ಓಡಾಡ್ತಿದ್ದ ಕನಪ್ಪ" ಅಂತ. ಗಾಂಧೀಜಿ ಹೋದದ್ದು 1948ರ ಜನವರಿಯಲ್ಲಿ. ಅಂದರೆ ಅಪ್ಪ ಸರ್ಕಾರದ ಲೆಕ್ಕಕ್ಕಿಂತ ಎರಡು ವರ್ಷವಾದರೂ ದೊಡ್ಡವನು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅವನ ಓರಗೆಯವರಲ್ಲಿ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ!

ಹೀಗೆ 1998ರಲ್ಲಿ ಸರ್ಕಾರಿ ಲೆಕ್ಕದಲ್ಲಿ ಐವತ್ತು ತುಂಬಿದ ಅಪ್ಪ, 2003, 2008, 2013, 2018ರಲ್ಲಿ ತಪ್ಪದೆ ರಿನ್ಯೂ ಮಾಡಿಸಿದ. ಜಾವಾ ಹೋಗಿ ಟಿವಿಎಸ್ ಎಕ್ಸೆಲ್ ಬಂತು, ಪುಸ್ತಕ ಹೋಗಿ ಚಿಪ್ಪಿನ ಕಾರ್ಡು ಬಂತು. 2023ರ ಜೂನಿಗೆ ಮತ್ತೆ ಅವಧಿ ಮುಗಿಯುತ್ತಿತ್ತು. ಸರ್ಕಾರಿ ಲೆಕ್ಕದಲ್ಲಿ ಎಪ್ಪತ್ತೈದು. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಹೋದವನು ಅರ್ಜಿ ತುಂಬಲು ಕೂತೆ.

ಫಾರಂ ಒಂದು, ಅಂದರೆ ಸ್ವಯಂ ಘೋಷಣೆ. ಪ್ರಶ್ನೆಗಳನ್ನು ಗಟ್ಟಿಯಾಗಿ ಓದುತ್ತಾ ಹೋದೆ. ಮೂರ್ಛೆ ರೋಗ ಇದೆಯಾ? ಇದ್ದಕ್ಕಿದ್ದಂತೆ ತಲೆ ಸುತ್ತುತ್ತದಾ? ಕೆಂಪು ಹಸಿರು ಬಣ್ಣ ಗೊತ್ತಾಗುತ್ತದಾ? ಇರುಳುಗಣ್ಣು ಇದೆಯಾ? ಹಾರನ್ ಕೇಳಿಸುತ್ತದಾ? ಎಲ್ಲದಕ್ಕೂ ಅಪ್ಪ ಹಲ್ಲುಜ್ಜುತ್ತಲೇ ಉತ್ತರ ಕೊಟ್ಟ. ಒಂದು ಪ್ರಶ್ನೆಗೆ ಮಾತ್ರ ನಿಂತ. ಒಳ್ಳೇ ಹಗಲು ಬೆಳಕಿನಲ್ಲಿ, 25 ಮೀಟರ್ ದೂರದಿಂದ, ಒಂದೊಂದು ಕಣ್ಣಿನಿಂದಲೂ ಗಾಡಿಯ ನಂಬರ್ ಪ್ಲೇಟ್ ಓದಬಲ್ಲಿರಾ?

"ಒಂದೊಂದು ಕಣ್ಣಿಂದ್ಲುವಾ?" ಅಂದ.

ಈ ಪ್ರಶ್ನೆಯ ವಯಸ್ಸು ಅಪ್ಪನಿಗಿಂತ ಹೆಚ್ಚು. 1939ರ ಕಾಯ್ದೆಯ ಅನುಬಂಧದಲ್ಲೇ ಇದು ಇತ್ತು. ಆಗ 25 ಗಜ, ಈಗ 25 ಮೀಟರ್. ಆಗ ಕಪ್ಪು ಹಲಗೆಯ ಮೇಲೆ ಬಿಳಿಯಲ್ಲಿ ಬರೆದ ಏಳು ಅಕ್ಷರ ಮತ್ತು ಅಂಕಿ ಓದಬೇಕಿತ್ತು. ಹಳೇ ನಂಬರುಗಳನ್ನು ನೆನಪಿಸಿಕೊಳ್ಳಿ, ಮೂರು ಅಕ್ಷರ, ನಾಲ್ಕು ಅಂಕಿ, ಒಟ್ಟು ಏಳು. ಸ್ವಂತ ಗಾಡಿಗಳ ಪ್ಲೇಟು ಬಿಳಿಯಾಗಿ ಅಕ್ಷರ ಕಪ್ಪಾದದ್ದು 2000ದ ದಶಕದ ಶುರುವಿನಲ್ಲಿ. ಈಗ ಕೆಎ-11 ಅಂತ ಶುರುವಾಗಿ ಉದ್ದ ಸಾಲು. ಗಾಡಿ ಬದಲಾಯಿತು, ರಸ್ತೆ ಬದಲಾಯಿತು, ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪನ ಮಗ ನಕ್ಕ. "ಹೂಂ ಅಂತ ಬರ್ಕೊ ಕನ್ಲಾ. ಡಾಕ್ಟ್ರು ಸೈನ್ ಒಂದ್ ಬೇಕು, ಅದ್ನ ನಾನ್ ಮಾಡುಸ್ಕೊಡ್ತೀನಿ. ಯಾರ್ ನೋಡಕ್ ಬತ್ತಾರೆ?" ವಯಸ್ಸಾದವರ ಅರ್ಜಿಗೆ ಫಾರಂ ಒಂದು-ಎ, ಅಂದರೆ ಡಾಕ್ಟರ ಸರ್ಟಿಫಿಕೇಟೂ ಬೇಕು. ನೋಡದೆಯೇ ಸಹಿ ಹಾಕುವವರು ಎಲ್ಲಾ ಕಡೆ ಇದ್ದಾರೆ, ನಿಮಗೂ ಗೊತ್ತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಮಾಡಿ ಸಂಜೆಯ ಬಸ್ಸು ಹಿಡಿಯುವ ಮನಸ್ಸಿತ್ತು. ಬೇಗ ಮುಗಿದರೆ ಸಾಕಾಗಿತ್ತು.

ಅಪ್ಪ ಮಾತಾಡಲಿಲ್ಲ. ಎದ್ದು ಆಲೆಮನೆ ಹತ್ತಿರ ನಿಲ್ಲಿಸಿದ್ದ ಕಾರಿನ ಕಡೆ ಹೋದ. "25 ಮೀಟ್ರು ಅಂದ್ರೆ ಎಷ್ಟು ಮಾರು?" ಅಂತ ಕೇಳಿದ. 82 ಅಡಿ, ಹತ್ತಿರ ಹತ್ತಿರ ಹದಿನಾಲ್ಕು ಮಾರು ಅಂದೆ. ಹಗ್ಗ ಹಿಡಿದು ಮಾರು ಹಾಕಿ ಅಳೆದ. ನಿಂತ. ಕನ್ನಡಕ ಸರಿಮಾಡಿಕೊಂಡು ಬಲಗಣ್ಣು ಮುಚ್ಚಿದ. ನಂಬರನ್ನು ಪಟಪಟ ಓದಿದ. ಆಮೇಲೆ ಎಡಗಣ್ಣು ಮುಚ್ಚಿದ.

ತುಂಬಾ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದ. ಮತ್ತೆ ನಾಲ್ಕು ಹೆಜ್ಜೆ. ಕಾರಿಗೆ ಹತ್ತು ಅಡಿ ಇರುವಾಗ, "ಬೆಳ್ಳಗೆ ಕಾಣ್ತದೆ ಕನ್ಲಾ, ಅಕ್ಸರ ಇಲ್ಲ" ಅಂದ.

ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ಪೊರೆ ಗೊತ್ತಾಗುವುದೇ ಇಲ್ಲವಂತೆ. ನಮ್ಮೂರಿರುವುದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಕೆ.ಎಂ. ದೊಡ್ಡಿಯ ಆಚೆ. ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ಆ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು. ಹಿಂದೆ ದೀಪವಿಲ್ಲದ ಕಬ್ಬಿನ ಗಾಡಿ, ಟ್ರ್ಯಾಕ್ಟರ್ ಟ್ರೈಲರುಗಳು ಕತ್ತಲಲ್ಲಿ ಕತ್ತಲಾಗಿ ನಿಂತಿರುತ್ತವೆ. ಆ ರಸ್ತೆಯಲ್ಲಿ ಅಪ್ಪ ಒಂದೇ ಕಣ್ಣಲ್ಲಿ ಎಷ್ಟು ರಾತ್ರಿ ಎಕ್ಸೆಲ್ ಓಡಿಸಿಕೊಂಡು ಬಂದಿದ್ದನೋ! ಅದೂ ಕೆಲವೊಮ್ಮೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು. ನನ್ನ ಕೈಕಾಲು ತಣ್ಣಗಾಯಿತು. ಸಹಿ ಮಾಡಿಸಿ ಬಸ್ಸು ಹಿಡಿಯಲು ಹೊರಟಿದ್ದವನು ನಾನು.

ಅರ್ಜಿ ಅಲ್ಲಿಗೇ ನಿಂತಿತು. ಜೂನ್ ಕಳೆಯಿತು, ಲೈಸೆನ್ಸ್ ಸತ್ತಿತು. ಮುಂಚೆ ಅವಧಿ ಮುಗಿದರೂ ಮೂವತ್ತು ದಿನ ಲೈಸೆನ್ಸ್ ಊರ್ಜಿತದಲ್ಲಿರುತ್ತಿತ್ತು, 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದಿದ್ದಾರೆ. ಆದರೆ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಇಲ್ಲದೆ ನವೀಕರಿಸುತ್ತಾರೆ. ಅಷ್ಟು ಸಮಯ ಕೈಯಲ್ಲಿತ್ತು.

ಆ ತಿಂಗಳುಗಳು ಅಪ್ಪನಿಗೆ ಸುಲಭವಾಗಿರಲಿಲ್ಲ. ಗಾಡಿ ಕೀಲಿಯನ್ನು ಅವನೇ ಅಮ್ಮನ ಕೈಗೆ ಕೊಟ್ಟಿದ್ದ. ಗೊಬ್ಬರಕ್ಕೆ, ಬ್ಯಾಂಕಿಗೆ, ಮಳವಳ್ಳಿಯ ಸಂಬಂಧಿಕರ ಮನೆಯ ಸಾವಿಗೆ, ಎಲ್ಲದಕ್ಕೂ ಬಸ್ಸು ಕಾಯಬೇಕು, ಇಲ್ಲಾ ಯಾರನ್ನಾದರೂ ಕರೀಬೇಕು. ಐವತ್ತು ವರ್ಷ ಯಾರನ್ನೂ "ಕರ್ಕೊಂಡ್ ಹೋಗಪ್ಪ" ಅಂತ ಕೇಳದ ಮನುಷ್ಯ. ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೊಸ ಹೈವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ ಅಂತಾಯಿತು. ಅದೇ ವರ್ಷ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ರಸ್ತೆ. "ಅಂತೂ ರೋಡು ನಮ್ಮೂರ್ ಮೇಲೇ ಹೋಯ್ತದೆ, ನಾವ್ ಹೋಗಂಗಿಲ್ಲ" ಅಂದ ಅಪ್ಪ. ಅವನ ಸಿಟ್ಟೆಲ್ಲ ಆ ರಸ್ತೆಯ ಮೇಲಿನದ್ದಲ್ಲ ಅಂತ ನನಗೆ ಗೊತ್ತಿತ್ತು.

ಆಗಲೇ ನಾನು ಈ ಕಾಯ್ದೆಗಳನ್ನೆಲ್ಲ ಓದಲು ಶುರುಮಾಡಿದ್ದು. ಬೇರೆ ದೇಶದವರು ಏನು ಮಾಡುತ್ತಾರೆ ನೋಡಿ. ಬ್ರಿಟನ್ನಿನಲ್ಲಿ ಎಪ್ಪತ್ತಾದ ಮೇಲೆ ಮೂರು ವರ್ಷಕ್ಕೊಮ್ಮೆ ನವೀಕರಣ, ಅಲ್ಲೂ ಮುಖ್ಯವಾಗಿ ಅವರವರ ಮಾತೇ ಆಧಾರ. ಜಪಾನಿನಲ್ಲಿ ವಯಸ್ಸಾದವರು ತಾವಾಗಿಯೇ ಲೈಸೆನ್ಸ್ ವಾಪಸ್ ಕೊಡುವ ಏರ್ಪಾಡು 1998ರಿಂದ ಇದೆ. 75 ದಾಟಿದವರಿಗೆ ನವೀಕರಣದ ಹೊತ್ತಿಗೆ ನೆನಪಿನ ಶಕ್ತಿಯ ಪರೀಕ್ಷೆ 2009ರಲ್ಲಿ ಬಂತು. ನಮ್ಮಲ್ಲಿ ಒಂದು ಫಾರಂ, ಒಂದು ಸಹಿ.

ಆದರೆ ಕೂತು ಯೋಚಿಸಿದರೆ ಒಂದು ವಿಷಯ ಹೊಳೆಯುತ್ತದೆ. 1939ರಲ್ಲಿ ಕಾನೂನು ಎಲ್ಲರನ್ನೂ ವರ್ಷ ವರ್ಷ ಕರೆಯುತ್ತಿತ್ತು. ನಿಧಾನವಾಗಿ ಅದಕ್ಕೆ ಹರೆಯದವರ ಮೇಲೆ ನಂಬಿಕೆ ಬಂತು, ಅವರನ್ನು ಕೇಳುವುದು ಬಿಟ್ಟಿತು. ಮತ್ತೆ ಮತ್ತೆ ಕೇಳಿಸಿಕೊಳ್ಳುವ ಪಾಳಿ ಈಗ ವಯಸ್ಸಾದವರದ್ದು. ಹಿಂದೆ ಸಂಬಳದ ಡ್ರೈವರನು ಡಾಕ್ಟರ ಚೀಟಿ ಹಿಡಿದು ನಿಲ್ಲುತ್ತಿದ್ದ ಸಾಲಿನಲ್ಲಿ ಈಗ ಸ್ವಂತ ಗಾಡಿಯ ಮುದುಕರೂ ನಿಲ್ಲುತ್ತಾರೆ. ಅವಮಾನ ಅನ್ನಿಸುವುದು ಸಹಜ. ಆದರೆ ನಮ್ಮಪ್ಪನ ಮಟ್ಟಿಗೆ ಹೇಳುವುದಾದರೆ, ಆ ಕಣ್ಣಿನ ಬಗ್ಗೆ ಹೆಂಡತಿ ಕೇಳಿರಲಿಲ್ಲ, ಮಗನಾದ ನಾನು ಕೇಳಿರಲಿಲ್ಲ. ಕೇಳಿದ್ದು ಆ ಹಳೇ ಫಾರಂ ಒಂದೇ. ಕೇಳಿದ್ದಕ್ಕೆ ಸುಳ್ಳು ಹೇಳದೆ ಹಗ್ಗ ಹಿಡಿದು ಅಳೆದದ್ದು ಅಪ್ಪನ ದೊಡ್ಡತನ.

ಜುಲೈ ಕೊನೆಯಲ್ಲಿ ಪೊರೆ ತೆಗೆಸಿದೆವು. ದೀಪಾವಳಿ ಮುಗಿಸಿ ನವೆಂಬರಿನಲ್ಲಿ, ಕಣ್ಣಿನ ಡಾಕ್ಟರು ಸರಿಯಾಗಿದೆ ಅಂದ ಮೇಲೆ, ಮತ್ತೆ ಆಲೆಮನೆ ಮುಂದೆ ಹದಿನಾಲ್ಕು ಮಾರು ಅಳೆದು ನಿಂತ. ಎರಡು ಕಣ್ಣಿಂದಲೂ ಓದಿದ. ಸಾಲದು ಅಂತ ಕಾರಿನ ಹಿಂದಿನ ಗಾಜಿನ ಮೇಲಿದ್ದ ದೇವರ ಹೆಸರನ್ನೂ ಓದಿದ. ಈ ಸಲ ಡಾಕ್ಟರು ನೋಡಿಯೇ ಸಹಿ ಹಾಕಿದರು. ಮಂಡ್ಯಕ್ಕೆ ಹೋಗಿ ಬಂದೆವು, ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆ ತಿಂದೆವು. ಕಾರ್ಡು ಬಂತು. 2028ರವರೆಗೆ.

ಈಗ ಅಪ್ಪ ಹಗಲು ಮಾತ್ರ ಗಾಡಿ ತೆಗೆಯುತ್ತಾನೆ. ಹೊತ್ತು ಮುಳುಗುವ ಮುಂಚೆ ಎಕ್ಸೆಲ್ ಹಟ್ಟಿಯೊಳಗೆ ಇರಬೇಕು, ಅದು ಅವನೇ ಹಾಕಿಕೊಂಡ ಕಾನೂನು. ಫಾರಮ್ಮಿನಲ್ಲಿ ಅದು ಇಲ್ಲ. ನಾನು ಕೇಳಿದ್ದಕ್ಕೆ, "ಐದೊರ್ಸ ಅವ್ರು ಕೊಟ್ಟವ್ರೆ. ಎಷ್ಟೊತ್ತಿಗೆ ಓಡುಸ್ಬೇಕು ಅನ್ನದು ನಂಗೆ ಬಿಟ್ಟಿದ್ದು" ಅಂದ.

ಹಳೇ ಪುಸ್ತಕವನ್ನು ಟ್ರಂಕಿನೊಳಗೇ ಇಟ್ಟು ಬಂದೆ. ನಿಮ್ಮ ಮನೆಯ ಹಿರಿಯರ ಲೈಸೆನ್ಸಿನ ತಾರೀಕನ್ನೂ ಒಮ್ಮೆ ನೋಡಿ. ತಾರೀಕು ಮಾತ್ರ ಅಲ್ಲ, ಅವರನ್ನು ಅಂಗಳದಲ್ಲಿ ಹದಿನಾಲ್ಕು ಮಾರು ದೂರ ನಿಲ್ಲಿಸಿ ಒಂದು ನಂಬರು ಓದಿಸಿ. ಹಾಗೇ ನೀವೂ ಓದಿ ನೋಡಿ. ಒಂದೊಂದು ಕಣ್ಣಿಂದ್ಲುವೆ!