ಬೆಸನ ಮತ್ತು ಹಸಾದ: ಕರ್ನಾಟಕದ ಒಡೆಯ-ಆಳುಗಳ ಸಂಬಂಧದಲ್ಲಿ ಮಾತು ಹಾಗೂ ಭಂಗಿ

ಕನ್ನಡದಲ್ಲಿ ‘ಆಳ್’ ಎಂಬ ರೂಪವು ಕ್ರಿಯಾಪದವಾಗಿ ನಿಂತಾಗ ದೊರೆತನವನ್ನು ಹೇಳುತ್ತದೆ. ನಾಮಪದವಾಗಿ ನಿಂತಾಗ ಸೇವಕನನ್ನು ಹೇಳುತ್ತದೆ. ಆಳುವವನು ‘ಆಳ್ದ’, ಅವನ ಮುಂದೆ ಕೈಕಟ್ಟಿ ನಿಂತವನು ‘ಆಳ್’. ಈ ಎರಡರ ಮೂಲವು ಒಂದೋ ಬೇರೆಯೋ ಎಂಬ ಚರ್ಚೆಯನ್ನು ಭಾಷಾಶಾಸ್ತ್ರಜ್ಞರಿಗೆ ಬಿಡಬಹುದು. ಆದರೆ ಇಂತಹ ಇಬ್ಬಾಯಿಯ ಶಬ್ದ ಇದೊಂದೇ ಅಲ್ಲವೆಂಬುದು ಗಮನಾರ್ಹ. ‘ಬೆಸ’ ಅಥವಾ ‘ಬೆಸನ’ ಎಂಬುದು ಒಡೆಯನ ಬಾಯಿಂದ ಹೊರಟಾಗ ಅಪ್ಪಣೆ, ಆಳಿನ ಕೈಗೆ ಬಂದಾಗ ಕೆಲಸ. ‘ಓಲಗ’ವು ಸೇವೆಯೂ ಹೌದು, ಆ ಸೇವೆ ಸಲ್ಲುವ ರಾಜಸಭೆಯೂ ಹೌದು, ಇಂದು ಮದುವೆಯ ಮನೆಯಲ್ಲಿ ಓಲಗ ಊದುವವರನ್ನು ಕಂಡಾಗ ಈ ಪೂರ್ವಾರ್ಥಗಳು ಯಾರಿಗೂ ನೆನಪಾಗುವುದಿಲ್ಲ. ಶಾಸನಗಳಲ್ಲಿ ಸೇವೆಗಾಗಿ ಕೊಟ್ಟ ಭೂಮಿಗೆ, ಜೀವನಾಧಾರಕ್ಕೆ, ‘ಜೀವಿತ’ವೆಂದು ಹೆಸರು. ಅದೇ ಶಬ್ದವು ತದ್ಭವವಾಗಿ ‘ಜೀತ’ವಾಯಿತು. ವೀರರಿಗೆ ಮಾನ್ಯವಾಗಿದ್ದ ಹೆಸರು ಕೊನೆಗೆ, 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯಲ್ಲಿ, ರಾಷ್ಟ್ರವು ತೊಡೆದುಹಾಕಬೇಕಾದ ಅಪರಾಧದ ಹೆಸರಾಗಿ ನಿಂತಿತು.

ಮಾತಿನಲ್ಲಿಯೇ ಬೆರೆತುಹೋಗಿರುವ ಇವೆರಡನ್ನು, ಎಂದರೆ ಮೆಚ್ಚಿ ಕೈಕೊಂಡ ಸ್ವಾಮಿನಿಷ್ಠೆಯನ್ನೂ ಕಟ್ಟಿಹಾಕಿದ ದಾಸ್ಯವನ್ನೂ, ಕರ್ನಾಟಕದ ಇತಿಹಾಸಕಾರರು ಬಹುಕಾಲ ಒಂದರ ನೆರಳಿನಲ್ಲಿ ಇನ್ನೊಂದನ್ನು ಮರೆಸಿ ಬರೆದಿದ್ದಾರೆ. ವೀರಗಲ್ಲುಗಳ ಮೇಲಿನ ಆತ್ಮಾರ್ಪಣೆಯನ್ನು ಕೊಂಡಾಡುವಲ್ಲಿ ಲೇಖನಿಗಳು ದಣಿದಿಲ್ಲ. ಅದೇ ಕಲ್ಲುಗಳಲ್ಲಿ ಹೆಸರಿಲ್ಲದೆ ಸತ್ತವರ ಮಾತು ಬಂದಾಗ ಮಾತ್ರ ಒಂದು ಬಗೆಯ ಅವಸರ ಕಾಣುತ್ತದೆ.

ಮೊದಲು ಓಲಗದ ರೀತಿಯನ್ನು ನೋಡಬೇಕು. ಸುಮಾರು 1520ರಲ್ಲಿ ಕೃಷ್ಣದೇವರಾಯನ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೋ ಪಾಯಸ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನಾಯಕರು ಒಳಬಂದು ಅರಸನಿಗೆ ವಂದಿಸಿ, ಅವನಿಂದ ದೂರದಲ್ಲಿ ಗೋಡೆಯುದ್ದಕ್ಕೂ ನಿಲ್ಲುವರು. ಒಬ್ಬರೊಡನೊಬ್ಬರು ಮಾತನಾಡುವಂತಿಲ್ಲ, ಎಲೆಯಡಿಕೆ ಮೆಲ್ಲುವಂತಿಲ್ಲ. ಕೈಗಳು ಅಂಗಿಯ ತೋಳುಗಳೊಳಗೆ, ಕಣ್ಣು ನೆಲದ ಮೇಲೆ. ಅರಸನು ಯಾರನ್ನಾದರೂ ಮಾತನಾಡಿಸಬೇಕೆಂದರೆ ನಡುವೆ ಮತ್ತೊಬ್ಬನಿರುತ್ತಾನೆ. ಕೇಳಿಸಿಕೊಂಡವನು ಕಣ್ಣೆತ್ತಿ ಆ ಮಧ್ಯವರ್ತಿಗೆ ಉತ್ತರ ಹೇಳಿ ಮರಳಿ ಮೊದಲಿನ ಭಂಗಿಗೆ ಇಳಿಯುತ್ತಾನೆ. ಹೊರಡಿರೆಂಬ ಅಪ್ಪಣೆಯಾಗುವವರೆಗೂ ಹೀಗೆಯೇ. ಜೋಡಿಸಿದ ಕೈಗಳನ್ನು ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ತಲೆಯ ಮೇಲಕ್ಕೆ ಎತ್ತುವುದೇ ಅಲ್ಲಿಯ ಅತ್ಯುಚ್ಚ ಮರ್ಯಾದೆಯೆಂದು ಅವನು ಹೇಳುತ್ತಾನೆ. ಹೀಗೆ ನಿಂತವರು ಸಾವಿರಾರು ದಂಡಾಳುಗಳನ್ನು ಸಾಕುತ್ತಿದ್ದ ದೊಡ್ಡ ನಾಯಕರೆಂಬುದನ್ನು ಮರೆಯಬಾರದು. ತಮ್ಮ ತಮ್ಮ ಸೀಮೆಗಳಲ್ಲಿ ಒಡೆಯರಾಗಿದ್ದವರು ಇಲ್ಲಿ ಆಳಿನ ಭಂಗಿಯನ್ನು ಕೆಲವು ಗಳಿಗೆ ಧರಿಸುತ್ತಿದ್ದರು. ಹೊರಗೆ ಬಂದೊಡನೆ ಅದನ್ನು ಕಳಚಬಲ್ಲವರಾಗಿದ್ದರು.

ಭಂಗಿಗೆ ತಕ್ಕ ಮಾತುಗಳೂ ಇದ್ದವು. ‘ಪರಾಕು’ ಎಂಬ ಕೂಗಿನಿಂದ ಸಭೆ ಎಚ್ಚರಗೊಳ್ಳುತ್ತಿತ್ತು. ‘ಜೀಯ’ ಎಂಬ ಸಂಬೋಧನೆಯಿಲ್ಲದೆ ಬಿನ್ನಹ ಸಲ್ಲುತ್ತಿರಲಿಲ್ಲ. ಒಡೆಯನು ಬೆಸಸಿದೊಡನೆ ಆಳು ಹೇಳುತ್ತಿದ್ದ ಉತ್ತರ ‘ಹಸಾದ’. ಇದು ‘ಪ್ರಸಾದ’ದ ತದ್ಭವ. ಅಪ್ಪಣೆಯನ್ನು ಕೆಲಸವೆಂದಲ್ಲ, ಅನುಗ್ರಹವೆಂದು ಸ್ವೀಕರಿಸಿದೆನೆಂಬುದು ಇದರ ತಾತ್ಪರ್ಯ. ಒಡೆಯನ ಮೆಚ್ಚುಗೆಯನ್ನು ಪಡೆದ ಅಧಿಕಾರಿಗೆ ಶಾಸನಗಳಲ್ಲಿ ‘ಪಸಾಯಿತ’ನೆಂಬ ಹೆಸರು ಬಂದುದೂ ಇದೇ ಮೂಲದಿಂದ. ವೀಳ್ಯವನ್ನು ಕೈಯಲ್ಲಿ ಪಡೆಯುವುದು ಕಾರ್ಯವನ್ನು ತಲೆಯ ಮೇಲೆ ಹೊರುವುದಕ್ಕೆ ಗುರುತಾಗಿತ್ತು. ಯುದ್ಧಕ್ಕೆ ಹೊರಡುವವನಿಗೆ ರಣವೀಳ್ಯ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನಿಗೂ ಅರಮನೆಯಿಂದ ವೀಳ್ಯದ ಮರ್ಯಾದೆ ಸಂದಿತ್ತು, ಆದರೆ ಅವನು ಅತಿಥಿ, ಅವನ ವೀಳ್ಯಕ್ಕೆ ಹೊಣೆಯಿರಲಿಲ್ಲ. ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಕಷ್ಟದ ಕೆಲಸವನ್ನು ವಹಿಸಿಕೊಳ್ಳುವುದಕ್ಕೆ ಮರಾಠಿಗರು ‘ವಿಡಾ ಉಚಲಣೇ’ ಎನ್ನುವುದನ್ನು ದಿನವೂ ಕೇಳುತ್ತಾರೆ. ವೀಳ್ಯವನ್ನೆತ್ತಿಕೊಂಡ ಕೈ ಎರಡು ಭಾಷೆಗಳಲ್ಲಿಯೂ ಒಂದೇ.

ವೀಳ್ಯಕ್ಕಿಂತಲೂ ಬಿಗಿಯಾದ ಕಟ್ಟು ಅನ್ನದ್ದು. 10ನೆಯ ಶತಮಾನದ ಅರಬ ಲೇಖಕ ಅಬೂ ಜೈದ್ ಭಾರತದ ಅರಸರ ವಿಷಯದಲ್ಲಿ ಒಂದು ಪದ್ಧತಿಯನ್ನು ಹೇಳುತ್ತಾನೆ: ಅರಸನು ಪಟ್ಟವೇರಿದಾಗ ಬೇಯಿಸಿದ ಅನ್ನವನ್ನು ತಾನು ಉಂಡು ಒಡನಾಡಿಗಳಿಗೂ ಹಂಚುವನು; ಅದನ್ನು ಉಂಡವರು ಅರಸನು ಸತ್ತ ದಿನ ತಾವೂ ಬೆಂಕಿಗೆ ಬೀಳಬೇಕು. ಅವನು ಕೇಳಿದ್ದು ಯಾವ ನಾಡಿನ ಸುದ್ದಿಯೇ ಆಗಿರಲಿ, ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಶಬ್ದಗಳಿವೆ. ಉಂಡ ಜೋಳದ ಋಣ ‘ಜೋಳವಾಳಿ’. ಹೊತ್ತು ಬಂದಾಗ ಒಡೆಯನೊಡನೆ ಅಥವಾ ಒಡೆಯನಿಗಾಗಿ ಸಾಯುವ ನುಡಿ ‘ವೇಳೆವಾಳಿ’. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇಂತಹ ಸಾಮಗ್ರಿಯನ್ನು ವಿಪುಲವಾಗಿ ಕಲೆಹಾಕಿದರು. ಇದು ನಮ್ಮ ನಾಡಿನ ವೈಶಿಷ್ಟ್ಯವೆಂದು ಹೆಮ್ಮೆಪಡುವವರು ಸೀಸರನು ಗಾಲ್ ದೇಶದಲ್ಲಿ ಕಂಡ, ಒಡೆಯನೊಡನೆ ಸಾಯುವ ನುಡಿಯಿತ್ತ ‘ಸೊಲ್ದೂರಿ’ ಭಟರನ್ನೂ ನೆನೆಯುವುದು ಲೇಸು. ಜಪಾನಿನಲ್ಲಿ ಇದೇ ರೂಢಿ ಎಷ್ಟು ಬೆಳೆದಿತ್ತೆಂದರೆ 1663ರಲ್ಲಿ ಅಲ್ಲಿಯ ಸರಕಾರವೇ ಅದನ್ನು ನಿಷೇಧಿಸಬೇಕಾಯಿತು.

ಗಂಗರ ಕಾಲದಲ್ಲಿ ಇದರ ಒಂದು ಬಗೆಗೆ ‘ಕೀಳ್ಗುಂಟೆ’ಯೆಂದು ಹೆಸರು, ಒಡೆಯನ ಕೆಳಗೆ ತಾನೂ ಮಣ್ಣಾಗುವುದು. ತಿರುಮಕೂಡಲು ನರಸೀಪುರದ ಕಡೆಯ ದೊಡ್ಡಹುಂಡಿಯ ಕಲ್ಲು, ಸುಮಾರು 870ರದು, ನೀತಿಮಾರ್ಗನ ಮರಣವನ್ನು ತೋರಿಸುತ್ತದೆ. ಅರಸನು ಮಂಚದ ಮೇಲೆ ಒರಗಿದ್ದಾನೆ. ಮಗನಾದ ಸತ್ಯವಾಕ್ಯನು ಎದುರಿಗೆ ನಿಂತಿದ್ದಾನೆ. ನಂಬುಗೆಯ ಆಳು ಅಗರಯ್ಯನು ಅರಸನಿಗೆ ಆಸರೆಯಾಗಿದ್ದಾನೆ. ಕೀಳ್ಗುಂಟೆಯಾದವನು ಈ ಅಗರಯ್ಯನೇ. ಮಗನಿಗೆ ನಿಲುವು, ಆಳಿಗೆ ಆಸರೆ; ಒಬ್ಬನಿಗೆ ಪಟ್ಟ, ಇನ್ನೊಬ್ಬನಿಗೆ ಗುಂಡಿ.

ಹೊಯ್ಸಳರ ಕಾಲಕ್ಕೆ ಈ ನುಡಿಯು ‘ಗರುಡ’ರ ರೂಪದಲ್ಲಿ ವಂಶಪಾರಂಪರ್ಯದ ವ್ರತವಾಯಿತು. ವಿಷ್ಣುವಿನ ಮುಂದೆ ಮೊಣಕಾಲೂರಿ ಕೈಮುಗಿದ ಗರುಡನೇ ಇವರಿಗೆ ಮಾದರಿ. 1220ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮನು ಹೆಂಡತಿ ಸುಗ್ಗಲದೇವಿ ಮತ್ತು ತನ್ನ ಭಟರೊಡನೆ ಪ್ರಾಣವನ್ನೊಪ್ಪಿಸಿದನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಅದರ ಸ್ಮಾರಕ. ಕಂಬದ ಸುತ್ತ ಕತ್ತಿ ಹಿಡಿದು ತಮ್ಮ ಕೊರಳನ್ನು ತಾವೇ ಅರಿದುಕೊಳ್ಳುವವರ ಚಿಕ್ಕ ಚಿಕ್ಕ ಆಕೃತಿಗಳಿವೆ. ಶಾಸನವು ಪೂರ್ತಿಯಾಗದೆ ನಡುವೆಯೇ ನಿಂತುಹೋಗಿದೆ. ಬೇರೆಡೆಯ ಕಲ್ಲುಗಳಲ್ಲಿ ‘ಸಿಡಿದಲೆ’ಯ ಚಿತ್ರಗಳುಂಟು: ಬಗ್ಗಿಸಿದ ಗಳುವಿಗೆ ತುರುಬನ್ನು ಕಟ್ಟಿ, ಭಟನು ಕುಳಿತು ಕೈಮುಗಿದಿರುತ್ತಾನೆ, ಕೊರಳು ತುಂಡಾದೊಡನೆ ತಲೆಯು ಮೇಲಕ್ಕೆ ಸಿಡಿಯುತ್ತದೆ.

ವೀರಗಲ್ಲಿನ ಶಿಲ್ಪಿಗಳು ಭಂಗಿಯ ವಿಷಯದಲ್ಲಿ ಬಹು ಎಚ್ಚರದವರು. ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಕೊಂಡೊಯ್ಯುತ್ತಾರೆ. ಮೇಲೆ, ಲಿಂಗದ ಸನ್ನಿಧಿಯಲ್ಲಿ, ಅವನು ಕುಳಿತಿದ್ದಾನೆ. ಓಲಗದಲ್ಲಿ ಜೀವಮಾನವೆಲ್ಲ ನಿಂತವನಿಗೆ ಕೈಲಾಸದಲ್ಲಿ ಕುಳಿತುಕೊಳ್ಳುವ ಹಕ್ಕು ದೊರೆಯಿತು. ಸಹಗಮನ ಮಾಡಿದ ಹೆಂಡತಿಗೂ ಕಲ್ಲಿನಲ್ಲಿ ತನ್ನದೇ ಗುರುತಿದೆ: ಬಳೆ ತೊಟ್ಟು ಮೇಲೆತ್ತಿದ ತೋಳು. ದಾಸಿಗೆ ಮಾತ್ರ ಇಂತಹ ಗುರುತು ಯಾವುದೂ ಇಲ್ಲ.

ಈ ಮಾತು ಬರಿಯ ಊಹೆಯಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಹೊಯ್ಸಳರಿಗೆ ತಲೆಮಾರುಗಳವರೆಗೆ ಗರುಡರಾಗಿ ಸಂದ ಒಂದೇ ಮನೆತನದ ಕಥೆಯನ್ನು ಹೇಳುತ್ತವೆ. ಎರೆಯಂಗನಿಂದ ಮೂರನೆಯ ನರಸಿಂಹನವರೆಗೆ ಅರಸರ ಹೆಸರುಗಳಿವೆ. ಒಬ್ಬೊಬ್ಬ ಅರಸನೊಡನೆ ಸತ್ತ ನಾಯಕನ ಹೆಸರಿದೆ. ನಾಯಕನೊಡನೆ ಸತ್ತ ಪತ್ನಿಯರ ಹೆಸರುಗಳೂ ಇವೆ. ಅವರೊಡನೆ ಸತ್ತ ದಾಸಿಯರು ಮತ್ತು ಲೆಂಕರು ಮಾತ್ರ ಬರಿಯ ಎಣಿಕೆಯಾಗಿ ಬರುತ್ತಾರೆ: ಇಷ್ಟು ಮಂದಿ ಹೆಂಗಸರು, ಇಷ್ಟು ಮಂದಿ ಗಂಡಸರು. ಆ ಹೆಂಗಸರು ವೀಳ್ಯವನ್ನೆತ್ತಿಕೊಂಡಿದ್ದರೆ? ‘ಹಸಾದ’ವೆಂದಿದ್ದರೆ? ನಾಯಕನ ನುಡಿಯು ಅರಸನಿಗೆ ಸಂದಿತು. ಅದರ ಬೆಲೆಯಲ್ಲಿ ಒಂದು ಪಾಲನ್ನು ನುಡಿಯಿತ್ತರೋ ಇಲ್ಲವೋ ಎಂದು ಯಾರೂ ಬರೆಯದವರು ತೆತ್ತರು. ಅದೇ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ಇದರ ಪಕ್ಕದಲ್ಲಿಡಬೇಕು. ತಕ್ಕೋಲದ ಕಾಳಗದ ತರುವಾಯ, ಸುಮಾರು 950ರಲ್ಲಿ, ಮಣಲೆರನು ತನ್ನ ಒಡೆಯ ಇಮ್ಮಡಿ ಬೂತುಗನಿಂದ ಬೇಡಿ ಪಡೆದ ಬೇಟೆನಾಯಿಯು ಹಂದಿಯೊಡನೆ ಕಾದಿ ಸತ್ತಿತು. ಅದಕ್ಕೆ ಕಲ್ಲು ನಿಂತಿತು. ಆ ನಾಯಿಯ ಹೆಸರು ಕಾಳಿ. ಸಾವಿರ ವರ್ಷಗಳ ಮೇಲೂ ಅದು ಅಳಿದಿಲ್ಲ.

ಶಾಸನಗಳು ಮೌನವಾಗಿರುವಲ್ಲಿ ಧರ್ಮಶಾಸ್ತ್ರವು ಕೊಂಚ ಮಾತನಾಡುತ್ತದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ದಾಸ್ಯದ ಪ್ರಕರಣದಲ್ಲಿ ನಾರದನನ್ನು ಆಧರಿಸುತ್ತಾನೆ. ನಾರದನು ಎಣಿಸಿದ ದಾಸರು ಹದಿನೈದು ಬಗೆ. ಮನೆಯಲ್ಲಿ ಹುಟ್ಟಿದವನು, ಕೊಂಡವನು, ಯುದ್ಧದಲ್ಲಿ ಸೆರೆಸಿಕ್ಕವನು ಮುಂತಾದವರು ಯಾರೂ ನಿರೀಕ್ಷಿಸುವಂತಹವರೇ. ಆದರೆ ಆ ಪಟ್ಟಿಯಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬನು ಅನ್ನಕ್ಕಾಗಿ ದಾಸನಾದ ‘ಭಕ್ತದಾಸ’. ಇಲ್ಲಿ ‘ಭಕ್ತ’ವೆಂದರೆ ಬೇಯಿಸಿದ ಅನ್ನವೇ ಹೊರತು ದೇವರ ಮೇಲಣ ಭಕ್ತಿಯಲ್ಲ. ಇನ್ನೊಬ್ಬನು ‘ನಾನು ನಿನ್ನವನು’ ಎಂದು ತಾನಾಗಿ ಬಂದವನು. ಜೋಳವಾಳಿಯ ವೀರನೂ ಭಕ್ತದಾಸನೂ ಉಂಡದ್ದು ಅನ್ನವನ್ನೇ. ಗರುಡನು ಒಡೆಯನ ಮುಂದೆ ಆಡಿದ ನುಡಿಯೂ ‘ನಾನು ನಿನ್ನವನು’ ಎಂಬುದೇ. ಕಾವ್ಯದಲ್ಲಿ ಕೀರ್ತಿಯಾದ ನುಡಿಯು ವ್ಯವಹಾರಶಾಸ್ತ್ರದಲ್ಲಿ ದಾಸ್ಯದ ಕಾರಣಗಳ ಪಟ್ಟಿಗೆ ಸೇರಿತ್ತು.

ಬಿಡುಗಡೆಯ ವಿಧಿಯು ಇನ್ನೂ ಕುತೂಹಲಕರ. ಪ್ರಸನ್ನನಾದ ಒಡೆಯನು ದಾಸನ ಹೆಗಲ ಮೇಲಿನ ನೀರ ಕೊಡವನ್ನು ತೆಗೆದು ಒಡೆಯಬೇಕು. ಅಕ್ಷತೆ ಹೂಗಳು ಬೆರೆತ ನೀರನ್ನು ಅವನ ತಲೆಯ ಮೇಲೆ ತಳಿದು, ‘ದಾಸನಲ್ಲ’ವೆಂದು ಮೂರು ಸಲ ನುಡಿದು, ಪೂರ್ವಾಭಿಮುಖನನ್ನಾಗಿ ಕಳುಹಬೇಕು. ದಾಸ್ಯಕ್ಕೆ ಹೆಗಲ ಮೇಲಿನ ಕೊಡವೇ ಕುರುಹಾಗಿತ್ತೆಂದು ಇದರಿಂದ ವಿದಿತವಾಗುತ್ತದೆ. ಇಡೀ ವಿಧಿಯಲ್ಲಿ ಮಾತು ಒಡೆಯನದೇ. ಬಿಡುಗಡೆ ಹೊಂದುವವನು ಏನನ್ನೂ ಹೇಳಬೇಕಾಗಿಲ್ಲ. ಒಡೆಯನ ಪ್ರಾಣವನ್ನುಳಿಸಿದ ದಾಸನಿಗೆ ಬಿಡುಗಡೆಯಾಗಬೇಕೆಂದೂ ಸ್ಮೃತಿಯು ವಿಧಿಸುತ್ತದೆ. ಅನ್ನವನ್ನು ಬಿಟ್ಟುಕೊಟ್ಟರೆ ಭಕ್ತದಾಸನಿಗೂ ಬಿಡುಗಡೆ. ಈ ನಿಯಮಗಳು ಎಷ್ಟರಮಟ್ಟಿಗೆ ನಡೆದವೆಂಬುದು ಬೇರೆ ಪ್ರಶ್ನೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಪ್ರಕಟಿಸಿದ ಪಾಂ. ವಾ. ಕಾಣೆಯವರ ಧರ್ಮಶಾಸ್ತ್ರದ ಇತಿಹಾಸದಲ್ಲಿ ದಾಸ್ಯದ ವಿಚಾರವನ್ನು ಆಸಕ್ತರು ವಿಸ್ತಾರವಾಗಿ ನೋಡಬಹುದು.

ಅದೇ ಕಲ್ಯಾಣದಲ್ಲಿ, ಎರಡು ತಲೆಮಾರು ಕಳೆಯುವುದರೊಳಗೆ, ಬಿಜ್ಜಳನ ಓಲಗದಲ್ಲಿದ್ದ ಬಸವಣ್ಣನವರು ತಮ್ಮನ್ನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದ ಮಗನೆಂದು ಕರೆದುಕೊಂಡರು. ತೊತ್ತಿನ ಜನ್ಮವನ್ನು ಮಂತ್ರಿಯೊಬ್ಬನು ತನ್ನದೆಂದು ಹೇಳಿಕೊಳ್ಳುವುದು ಆ ಕಾಲಕ್ಕೆ ಸಾಮಾನ್ಯವಾದ ಮಾತಲ್ಲ. ಆದರೂ ಇಲ್ಲಿ ಮಾತನಾಡಿದವನು ಓಲಗವನ್ನು ಬಲ್ಲವನು. ನಿಜವಾದ ತೊತ್ತಿನ ಬಾಯಿಂದ ಹೊರಟ ಮಾತಲ್ಲ ಎಂಬುದನ್ನೂ ಮರೆಯಲಾಗದು.

ಪುಣೆಯ ದಫ್ತರಗಳಿಗೆ ಬಂದರೆ ಕಾವ್ಯವೂ ಶಾಸ್ತ್ರವೂ ಹಿಂದೆ ಸರಿದು ಲೆಕ್ಕಪತ್ರಗಳು ಎದುರಾಗುತ್ತವೆ. 18ನೆಯ ಶತಮಾನದ ಪೇಶವೆಯರ ಆಡಳಿತದಲ್ಲಿ ದಾಸಿಯರಿಗೆ ‘ಕುಣಬೀಣ’, ‘ಬಟೀಕ’ ಎಂಬ ಹೆಸರುಗಳಿದ್ದವು. ಕೊಂಡು ತಂದವರು, ದಂಡಯಾತ್ರೆಗಳಲ್ಲಿ ಸೆರೆಸಿಕ್ಕವರು, ವ್ಯಭಿಚಾರದ ಆರೋಪದಿಂದ ಸರಕಾರದ ವಶವಾದವರು ಇವರಲ್ಲಿ ಸೇರಿದ್ದರು. ಕೋಟೆಗಳಲ್ಲಿ, ಕುದುರೆಯ ಲಾಯಗಳಲ್ಲಿ, ಕಣಜಗಳಲ್ಲಿ ಇವರ ದುಡಿಮೆ. 1791ರಲ್ಲಿ ಪರಶುರಾಮಭಾವು ಪಟವರ್ಧನನು ಧಾರವಾಡದ ಕೋಟೆಯನ್ನು ಹಿಡಿದ ಪ್ರಸಂಗವನ್ನೂ, 1818ರವರೆಗೆ ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಯಲ್ಲಿ ಹಬ್ಬಿದ್ದ ಮರಾಠರ ಒಡೆತನವನ್ನೂ ನೆನೆದರೆ, ಈ ದಫ್ತರಗಳು ಕನ್ನಡಿಗರಿಗೆ ಪರರ ಮನೆಯ ಕಾಗದಗಳಲ್ಲವೆಂಬುದು ತಿಳಿಯುತ್ತದೆ. ದರಬಾರಿನಲ್ಲಿ ಸರದಾರರು ಬಗ್ಗಿ ಮುಜರೆ ಮಾಡುತ್ತಿದ್ದರು. ಆ ಮುಜರೆಗೆ ಪ್ರತಿಯಾಗಿ ಜಹಗೀರಿ ಇತ್ತು. ಕುಣಬೀಣಿಯ ಬಗ್ಗಿದ ಬೆನ್ನಿಗೆ ಇದ್ದುದು ಅಂದಂದಿನ ಶೇರುಗಟ್ಟಲೆಯ ಹಿಟ್ಟು.

ಕಂಪನಿಯ ಸರಕಾರದ 1843ರ 5ನೆಯ ಕಾಯಿದೆಯು ದಾಸ್ಯಕ್ಕೆ ನ್ಯಾಯಾಲಯಗಳ ಮನ್ನಣೆಯನ್ನು ತಪ್ಪಿಸಿತು. ಮೂವತ್ತು ವರ್ಷಗಳ ತರುವಾಯ, 1873ರಲ್ಲಿ, ಇದೇ ಪುಣೆಯಲ್ಲಿದ್ದ ಜೋತೀರಾವ್ ಫುಲೆಯವರು ‘ಗುಲಾಮಗಿರಿ’ಯನ್ನು ಪ್ರಕಟಿಸಿ, ನೀಗ್ರೋ ದಾಸ್ಯವನ್ನು ತೊಡೆದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಕಾಯಿದೆಯು ಮುಗಿಸಿದೆನೆಂದುಕೊಂಡದ್ದು ಮುಗಿದಿಲ್ಲವೆಂಬುದೇ ಅವರ ವಾದವಾಗಿತ್ತು.

ಗೋವಿಂದ ಸಖಾರಾಮ ಸರದೇಸಾಯಿಯವರು 1930ರಿಂದ ಆರಂಭಿಸಿ 45 ಸಂಪುಟಗಳಲ್ಲಿ ಆಯ್ದು ಪ್ರಕಟಿಸಿದ ಪೇಶವೆ ದಫ್ತರದ ಕಾಗದಗಳು ಮುಖ್ಯವಾಗಿ ಯುದ್ಧ, ಸಂಧಿ, ಕಾರಭಾರಗಳವು. ದಾಸಿಯರು ಹೆಚ್ಚಾಗಿ ಸಿಕ್ಕುವುದು ಕ್ರಯಪತ್ರಗಳಲ್ಲಿ, ಖರ್ಚಿನ ಬಾಬುಗಳಲ್ಲಿ, ಬೆಲೆ ತೆತ್ತು ಬಿಡಿಸಿಕೊಂಡ ಕಾಗದಗಳಲ್ಲಿ. ಬಾಚಹಳ್ಳಿಯ ಕಂಬವು ಕೊಡದಿದ್ದ ಒಂದು ವಸ್ತು ಈ ಕಾಗದಗಳಲ್ಲಿದೆ. ಸರಕು ಯಾವುದೆಂದು ನಿಶ್ಚಿತವಾಗಬೇಕಾದುದರಿಂದ, ಮೋಡಿ ಲಿಪಿಯ ಸಾಲಿನಲ್ಲಿ ‘ಕುಣಬೀಣ ನಾಮೇ’ ಎಂದು ಬರೆದು, ಅದರ ಮುಂದೆ ಹೆಂಗಸಿನ ಹೆಸರು, ವಯಸ್ಸು, ರೂಪಾಯಿಗಳು.