ಸೆರೆಯ ಬಾಗಿಲು ತೆರೆದ ವರ್ಷ: 1799



ಚಿಕ್ಕಜಾಲದ ಹಳೆಯ ಕೋಟೆಯನ್ನು ನಾವೆಲ್ಲರೂ ಕಂಡಿದ್ದೇವೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೋಗುವ ಸಾವಿರಾರು ಜನ ಅದನ್ನು ಹಾದುಹೋಗುತ್ತಾರೆ. ನಿಂತು ನೋಡುವವರು ಕಡಿಮೆ. ಇದೇ ಹಾದಿಯಲ್ಲಿ ಮುಂದೆ ಹೋದರೆ ದೇವನಹಳ್ಳಿ, ಟಿಪ್ಪು ಸುಲ್ತಾನರು ಹುಟ್ಟಿದ ಊರು. 1791ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೋಟೆಯನ್ನು ಗೆದ್ದ ಕಾರ್ನ್‌ವಾಲಿಸನ ಸೈನ್ಯ ಉತ್ತರಕ್ಕೆ ತಿರುಗಿ ದೇವನಹಳ್ಳಿಯನ್ನೂ ಹಿಡಿಯಿತು. ಎಂಟು ವರ್ಷಗಳ ನಂತರ, 1799ರ ಮೇ 4ರಂದು, ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಲೇ ಮಡಿದರು.

ಶಾಲೆಯಲ್ಲಿ ನಾವು ಓದಿದ 1799 ಇಷ್ಟೇ. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಪಟ್ಟಕ್ಕೆ ಬಂದರು, ಪೂರ್ಣಯ್ಯನವರು ದಿವಾನರಾದರು, ಕೆನರಾ ಸೀಮೆ ಕಂಪನಿಯ ಪಾಲಾಯಿತು ಎಂಬುದನ್ನೂ ಕೆಲವರು ನೆನಪಿಟ್ಟಿರಬಹುದು. ಆದರೆ ಅದೇ ವರ್ಷದ ಇನ್ನೂ ಕೆಲವು ಸಂಗತಿಗಳು ನಮ್ಮ ಧರ್ಮಸಭೆಯ ಬದುಕಿಗೆ ತೀರಾ ಹತ್ತಿರವಾದವು.

ಮೊದಲನೆಯದು ಸೆರೆಯಾಳುಗಳ ಬಿಡುಗಡೆ. 1784ರ ತಪಸ್ಸುಕಾಲದ ಆರಂಭದಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ, ಕೆನರಾದ ಸಾವಿರಾರು ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ದಾರಿಯಲ್ಲೇ ಸತ್ತವರು ಬಹಳ. ಸೆರೆಯಲ್ಲಿ ಹದಿನೈದು ವರ್ಷ ಕಳೆದು ಉಳಿದವರಿಗೆ ಮೇ 4ರಂದು ಬಾಗಿಲು ತೆರೆಯಿತು. ಹಲವರು ಕರಾವಳಿಗೆ ಹಿಂದಿರುಗಿದರು, ಕೆಲವರು ಮೈಸೂರು ಸೀಮೆಯಲ್ಲೇ ನೆಲೆ ನಿಂತರು.

ಆದರೆ ಪ್ರಿಯರೇ, ಆ ದಿನವನ್ನು ಬರೀ ಹಬ್ಬವಾಗಿ ನೆನೆಯಲು ನಮಗೆ ಮನಸ್ಸು ಬಾರದು. ಅಂದು ಕೋಟೆಯೊಳಗೆ ಸಾವಿರಾರು ಮಂದಿ ಪ್ರಾಣ ಬಿಟ್ಟರು. ಒಬ್ಬರ ಬಿಡುಗಡೆಯ ದಿನವೇ ಮತ್ತೊಬ್ಬರ ಮನೆಯಲ್ಲಿ ಗೋಳಾಟದ ದಿನವಾಯಿತು. ಕ್ರೈಸ್ತರನ್ನು ಸೆರೆಯಲ್ಲಿಟ್ಟ ಅದೇ ಅರಸರು, 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಆ ಮಠಕ್ಕೆ ನೆರವು ಕಳುಹಿಸಿದ್ದರು. ಒಬ್ಬ ಅರಸರ ಆಳ್ವಿಕೆಯನ್ನು ಒಂದೇ ಮಾತಿನಲ್ಲಿ ಅಳೆದುಬಿಡಲಾಗದು. ನಮ್ಮ ಹಿರಿಯರ ಕಣ್ಣೀರನ್ನು ಮರೆಯಬಾರದು, ಆ ನೆನಪನ್ನು ಇಂದಿನ ನೆರೆಹೊರೆಯವರ ಮೇಲಿನ ಹಗೆಯಾಗಿಸಲೂಬಾರದು.

ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಟ್ಟುಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಭೆಯ ಗುರು ಅಬ್ಬೆ ದುಬ್ವಾ. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಅವರು ಕಾವಿ ತೊಟ್ಟರು, ನಮ್ಮ ಊಟವನ್ನೇ ಉಂಡರು, ಸಿಡುಬು ತಡೆಯಲು ಊರೂರಿನಲ್ಲಿ ಜನರಿಗೆ ದೇವಿ ಹಾಕಿಸಿದರು. ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಗುರುತಿಸುವ ದೇವಾಲಯ ಇಂದಿಗೂ ಇದೆ.

ಇತ್ತ ಹೀಗಿರಲು, ಅತ್ತ ಯೂರೋಪಿನಲ್ಲಿ ಧರ್ಮಸಭೆಯ ಕಥೆ ಮುಗಿದೇ ಹೋಯಿತೆಂದು ಅನೇಕರು ತಿಳಿದಿದ್ದರು. ಜನವರಿ 9ರಂದು ಮಿಲಾನಿನಲ್ಲಿ ಮರಿಯಾ ಗಯೆತಾನ ಆನ್ಯೇಸಿ ತೀರಿಕೊಂಡರು. ಗಣಿತಶಾಸ್ತ್ರದಲ್ಲಿ ದೊಡ್ಡ ಹೆಸರು ಗಳಿಸಿದ ಆ ವಿದುಷಿ ಎಲ್ಲವನ್ನೂ ಬಿಟ್ಟು ಬಡವರ, ರೋಗಿಗಳ ಸೇವೆಯಲ್ಲಿ ಉಳಿದ ಬಾಳನ್ನು ಸವೆಸಿದ್ದರು. ಬಡವರ ನಡುವೆಯೇ ಮಣ್ಣಾದರು. ಫ್ರೆಂಚ್ ಸೈನ್ಯದ ಸೆರೆಯಾಗಿದ್ದ ಜಗದ್ಗುರು ಆರನೇ ಪಿಯೂಸರನ್ನು, ವಯಸ್ಸು ಎಂಬತ್ತು ದಾಟಿದ್ದರೂ, ಆಲ್ಪ್ಸ್ ಬೆಟ್ಟ ದಾಟಿಸಿ ಜುಲೈ ತಿಂಗಳಲ್ಲಿ ಫ್ರಾನ್ಸಿನ ವಾಲೆನ್ಸ್ ಪಟ್ಟಣಕ್ಕೆ ತಂದರು. ಆಗಸ್ಟ್ 29ರಂದು ಅವರು ಅಲ್ಲಿಯೇ ಕೊನೆಯುಸಿರೆಳೆದರು. ರೋಮ್ ಕೈತಪ್ಪಿತ್ತು. ಕಾರ್ಡಿನಲರು ವೆನಿಸ್ಸಿನಲ್ಲಿ ಸೇರಬೇಕಾಯಿತು. ಹೊಸ ಜಗದ್ಗುರುಗಳು ಆಯ್ಕೆಯಾದದ್ದು 1800ರ ಮಾರ್ಚಿನಲ್ಲಿ.

ಜಗದ್ಗುರುಗಳು ವಾಲೆನ್ಸಿನಲ್ಲಿ ಸೆರೆಯಾಗಿದ್ದಾಗಲೇ, ಅದೇ ನದಿಯ ದಂಡೆಯ ಮೇಲೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಲಿಯೋನ್ ನಗರದಲ್ಲಿ, ಜುಲೈ 22ರಂದು ರೇಷ್ಮೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಆ ಮಗುವೇ ಪೌಲಿನ್ ಜಾರಿಕೊ. ಬೆಳೆದು ದೊಡ್ಡವಳಾದ ಮೇಲೆ ಆಕೆ ರೇಷ್ಮೆ ಕೆಲಸದ ಹೆಣ್ಣುಮಕ್ಕಳನ್ನು ಹತ್ತು ಹತ್ತು ಜನರ ಗುಂಪಾಗಿಸಿ, ವಾರಕ್ಕೊಂದು ಸಣ್ಣ ಕಾಸು ಮತ್ತು ದಿನಕ್ಕೊಂದು ಪ್ರಾರ್ಥನೆಯನ್ನು ಕೇಳಿದಳು. ಆ ಕಾಸು ಮೊದಲು ಹೋದದ್ದು ದೊಡ್ಡಸ್ವಾಮಿಯವರ ಪ್ಯಾರಿಸ್ ಮಿಷನ್ ಸಭೆಗೇ! 1822ರಲ್ಲಿ ಅದು ಧರ್ಮಪ್ರಸಾರ ಸಂಘವಾಯಿತು.

ಇಲ್ಲಿ ಒಂದು ಮಾತು ನೆನೆಯಬೇಕು. 1823ರಲ್ಲಿ ದೊಡ್ಡಸ್ವಾಮಿಯವರು, ಈ ನಾಡಿನಲ್ಲಿ ಕ್ರೈಸ್ತ ವಿಶ್ವಾಸ ಬೆಳೆಯಲಾರದು ಎಂಬ ನಿರಾಶೆಯನ್ನು ಬರೆದಿಟ್ಟು ಫ್ರಾನ್ಸಿಗೆ ಹಿಂದಿರುಗಿದರು. ಅದಕ್ಕೆ ಒಂದು ವರ್ಷ ಮೊದಲೇ ಲಿಯೋನಿನ ಬಡ ಕೆಲಸಗಾರ್ತಿಯರ ಕಾಸು ಅವರ ನಿರಾಶೆಗೆ ಉತ್ತರ ಕೊಡಲು ತೊಡಗಿತ್ತು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಯಿತು. 1940ರಲ್ಲಿ ಬೆಂಗಳೂರು ಧರ್ಮಪ್ರಾಂತವಾಯಿತು. 2022ರ ಮೇ 22ರಂದು ಪೌಲಿನ್ ಧನ್ಯರ ಸಾಲಿಗೆ ಸೇರಿದರು.

1799ರಲ್ಲಿ ಯಾರೂ ಆ ತೊಟ್ಟಿಲನ್ನು ಗಮನಿಸಿರಲಿಲ್ಲ. ಎಲ್ಲರ ಕಣ್ಣು ಕೋಟೆಗಳ ಮೇಲಿತ್ತು. ಇಂದು ಕೋಟೆಗಳು ಪಾಳು ಬಿದ್ದಿವೆ, ಆ ಮಗು ಕೇಳಿದ ಕಾಸು ಮಾತ್ರ ಪ್ರತಿವರ್ಷ ಅಕ್ಟೋಬರಿನ ಧರ್ಮಪ್ರಸಾರ ಭಾನುವಾರದಂದು ನಮ್ಮ ದೇವಾಲಯಗಳ ಕಾಣಿಕೆ ತಟ್ಟೆಗೆ ಬೀಳುತ್ತಲೇ ಇದೆ. ಮುಂದಿನ ಬಾರಿ ಚಿಕ್ಕಜಾಲದ ಕೋಟೆಯ ಮುಂದೆ ಹಾದುಹೋಗುವಾಗ ಸೆರೆಯಲ್ಲಿ ಸತ್ತವರಿಗಾಗಿ, ಯುದ್ಧದಲ್ಲಿ ಮಡಿದ ಎರಡೂ ಕಡೆಯವರಿಗಾಗಿ ಒಂದು ಕಿರುಪ್ರಾರ್ಥನೆ ಸಲ್ಲಿಸೋಣ. ನಮ್ಮ ಕಾಲವೂ ಕತ್ತಲೆಯೆಂದು ತೋರಿದಾಗ, ಎಲ್ಲೋ ಒಂದು ಮನೆಯಲ್ಲಿ ದೇವರು ಒಂದು ತೊಟ್ಟಿಲನ್ನು ತೂಗುತ್ತಿದ್ದಾರೆಂದು ನಂಬೋಣ.