ಕರಗದ ಮದ್ದು, ತಿಳಿಯಾದ ಶಾಂಪೂ

ತಲೆಹೊಟ್ಟಿಗೆ ಮದ್ದೆಂದರೆ ನಮ್ಮ ಹಿರಿಯರ ಕಾಲದಲ್ಲಿ ಸೀಗೆಪುಡಿ, ಅಂಟುವಾಳ, ನೆನೆಸಿ ಅರೆದ ಮೆಂತ್ಯ. ಊರು ಬಿಟ್ಟು ಮಹಾನಗರಗಳಲ್ಲಿ ಸಂಸಾರ ಹೂಡಿದ ನಾವು ಆ ಜಾಗಕ್ಕೆ ಶಾಂಪೂವನ್ನು ತಂದುಕೊಂಡಿದ್ದೇವೆ. ಅಂಗಡಿಯಲ್ಲಿ ಹೊಟ್ಟಿನ ಶಾಂಪೂಗಳು ಎರಡು ಬಗೆಯವು: ಕೆಲವು ಹಾಲಿನಂತೆ ಮಬ್ಬು, ಕೆಲವು ಜೇನಿನಂತೆ ತಿಳಿ. ತಿಳಿಯಾದುದೇ ಶುದ್ಧ, ಅದೇ ಉತ್ತಮ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಇವು ಹುಟ್ಟಿಬಂದ ಚರಿತ್ರೆಯನ್ನು ನೋಡಿದರೆ ಆ ನಂಬಿಕೆಗೆ ಆಧಾರ ಸಾಲದು.

ಹೊಟ್ಟಿನ ಪದರಗಳಲ್ಲಿ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರವಿರುವುದನ್ನು ಫ್ರಾನ್ಸಿನ ಲೂಯಿ ಶಾರ್ಲ್ ಮಲಾಸೆ 1874ರಲ್ಲೇ ವಿವರಿಸಿದ್ದರು. ಅವರ ಹೆಸರಿನಿಂದಲೇ ಅದಕ್ಕೆ ಮಲಾಸೇಜಿಯಾ ಎಂಬ ಹೆಸರು ಬಂತು. ನೆತ್ತಿಯ ಜಿಡ್ಡೇ ಅದರ ಆಹಾರ. ಅದು ಹೆಚ್ಚುಕಡಿಮೆ ಎಲ್ಲರ ತಲೆಯಲ್ಲೂ ಇರುತ್ತದೆ. ಕೆಲವರ ಚರ್ಮ ಮಾತ್ರ ಅದರಿಂದ ಕೆರಳಿ ಬೇಗ ಬೇಗ ಪದರ ಕಳಚುತ್ತದೆ. ಈ ಶಿಲೀಂಧ್ರವನ್ನು ಹತ್ತಿಕ್ಕುವ ಮದ್ದುಗಳೇನೋ ದೊರೆತವು. ಆದರೆ ಅವುಗಳಲ್ಲಿ ಬಹುಪಾಲು ನೀರಿನಲ್ಲಿ ಕರಗುವುದಿಲ್ಲ!

1950ರ ದಶಕದಲ್ಲಿ ಬಂದ ಸೆಲೀನಿಯಂ ಸಲ್ಫೈಡಿನ ಶಾಂಪೂವನ್ನು ಶೀಶೆ ಅಲುಗಾಡಿಸಿಯೇ ಬಳಸಬೇಕಿತ್ತು. 1961ರಲ್ಲಿ ಅಮೇರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಜಿಂಕ್ ಪೈರಿಥಿಯೋನ್ ಬೆರೆಸಿದ ‘ಹೆಡ್ ಅಂಡ್ ಶೋಲ್ಡರ್ಸ್’ ಅನ್ನು ಮಾರುಕಟ್ಟೆಗೆ ತಂದಿತು. ಈ ಮದ್ದು ಒಂದು ಲೀಟರು ನೀರಿನಲ್ಲಿ ಕರಗುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಉಳಿದದ್ದು ನುಣ್ಣನೆಯ ಕಣಗಳಾಗಿ ತೇಲುತ್ತದೆ. ಆ ಕಣಗಳು ಬೆಳಕನ್ನು ಚದುರಿಸುವುದರಿಂದ ಶಾಂಪೂ ಬೆಳ್ಳಗೆ ಕಾಣುತ್ತದೆ. ಕಣಗಳು ತಳಕ್ಕಿಳಿಯದಂತೆ ತಡೆಯಲು ಮೇಣದಂಥ ಸಣ್ಣ ಹರಳುಗಳನ್ನು ಬೆರೆಸುವ ಉಪಾಯ ಬಂತು. ಮುತ್ತಿನಂಥ ಹೊಳಪೂ ಅವುಗಳದೇ.

ಈ ಮಬ್ಬು ಒಂದು ದೋಷವೇ? ಅಲ್ಲ. ತಲೆ ತೊಳೆದಾಗ ನೊರೆಯೂ ಕೊಳೆಯೂ ಹರಿದುಹೋಗುತ್ತವೆ. ಕರಗದ ಕಣಗಳಲ್ಲಿ ಒಂದು ಪಾಲು ನೆತ್ತಿಯ ಮೇಲೆ ಉಳಿದು ತನ್ನ ಕೆಲಸ ಮಾಡುತ್ತದೆ. ಕರಗದಿರುವುದೇ ಇಲ್ಲಿ ಗುಣವಾಯಿತು.

ಆದರೂ ಗಿರಾಕಿಯ ಕಣ್ಣಿಗೆ ತಿಳಿಯಾದ ಶಾಂಪೂ ಬೇಕು. ಅದಕ್ಕಾಗಿ ರಸಾಯನಶಾಸ್ತ್ರಜ್ಞರು ಹಲವು ದಾರಿ ಹಿಡಿದರು. ಹಳೆಯ ದಾರಿ ಆಲ್ಕೊಹಾಲಿನದು. ಸ್ಯಾಲಿಸಿಲಿಕ್ ಆಮ್ಲ ಒಂದು ಲೀಟರು ನೀರಿನಲ್ಲಿ ಸುಮಾರು 2 ಗ್ರಾಂ ಮಾತ್ರ ಕರಗುತ್ತದೆ, ಆಲ್ಕೊಹಾಲಿನಲ್ಲಿ ಧಾರಾಳವಾಗಿ ಕರಗುತ್ತದೆ. ಇದು ತಲೆಗೆ ಹಚ್ಚಿಕೊಳ್ಳುವ ಲೋಷನ್ನಿಗೆ ಸರಿಹೋಯಿತು. ಎರಡನೆಯದು ಮದ್ದನ್ನೇ ಲವಣವಾಗಿ ಮಾರ್ಪಡಿಸುವುದು. ಜರ್ಮನಿಯ ಹೆಕ್ಸ್ಟ್ ಕಂಪನಿಯ ಪಿರೊಕ್ಟೋನ್ ಒಲಮೈನ್ ಈ ಜಾತಿಯದು. ಬೆಲ್ಜಿಯಂನ ಜಾನ್ಸೆನ್ ಸಂಸ್ಥೆಯ ಕೆಟೊಕೊನಜೋಲ್ ದುರ್ಬಲ ಕ್ಷಾರ. ನೀರಿಗೆ ಒಗ್ಗದಿದ್ದರೂ ಆಮ್ಲಕ್ಕೆ ಒಗ್ಗುತ್ತದೆ.

ಮೂರನೆಯ ದಾರಿ ಶಾಂಪೂವಿನ ನೊರೆದ್ರವ್ಯದಲ್ಲೇ ಇದೆ. ಅದರ ಅಣುವಿಗೆ ಒಂದು ತುದಿ ನೀರಿನ ಕಡೆ, ಇನ್ನೊಂದು ತುದಿ ಜಿಡ್ಡಿನ ಕಡೆ. ಇಂಥ ಅಣುಗಳು ಗುಂಪುಗೂಡಿ ಉಂಡೆಗಟ್ಟುತ್ತವೆ. ತುಪ್ಪದ ಕೈಯನ್ನು ಸೋಪು ತೊಳೆಯುವುದು ಹೀಗೆಯೇ. ಬಾಯರ್ ಕಂಪನಿಯ ಕ್ಲಿಂಬಜೋಲಿನಂಥ ಮದ್ದು ಆ ಉಂಡೆಗಳೊಳಗೆ ಅಡಗಿ ಕೂರುತ್ತದೆ. ಉಂಡೆಗಳು ಬೆಳಕನ್ನು ಚದುರಿಸಲಾರದಷ್ಟು ಚಿಕ್ಕವಾದ್ದರಿಂದ ದ್ರವ ತಿಳಿಯಾಗಿ ಕಾಣುತ್ತದೆ.

ಈ ತಿಳಿತನಕ್ಕೂ ಬೆಲೆಯಿದೆ. ದೆಹಲಿಯ ಜನವರಿಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಅಲ್ಲಿಯ ಕನ್ನಡಿಗರಿಗೆ ಗೊತ್ತು. ಹಾಗೆಯೇ ಚಳಿಯಲ್ಲಿ ಕರಗಿದ ಮದ್ದು ಮರಳಿ ಹರಳಾಗುವ ಭಯವಿರುತ್ತದೆ. ಜೊತೆಗೆ, ಕರಗಿದ ಮದ್ದಿನ ಹೆಚ್ಚು ಪಾಲು ನೊರೆಯೊಂದಿಗೆ ನೀರುಪಾಲಾಗಬಹುದು.

ಯೂರೋಪಿನಲ್ಲಿ ಈ ಚರಿತ್ರೆ ವಿಚಿತ್ರ ತಿರುವು ಪಡೆಯಿತು. ತೊಳೆದುಬಿಡುವ ಶಾಂಪೂಗಳಲ್ಲಿ ಜಿಂಕ್ ಪೈರಿಥಿಯೋನ್ ಶೇಕಡಾ 1ರವರೆಗೆ ಸುರಕ್ಷಿತವೆಂದು ಅಲ್ಲಿಯ ತಜ್ಞರ ಸಮಿತಿ 2020ರಲ್ಲಿ ಹೇಳಿತ್ತು. ಆದರೂ ಅದು ಸಂತಾನಕ್ಕೆ ಹಾನಿಕರವೆನ್ನಲಾದ ವಸ್ತುಗಳ ವರ್ಗಕ್ಕೆ ಸೇರಿತ್ತು. ಅಂಥ ವಸ್ತುವಿಗೆ ಬದಲಿ ಇಲ್ಲವೆಂದು ತೋರಿಸದ ಹೊರತು ಕಾನೂನು ಬಿಡುವುದಿಲ್ಲ. ಇಲ್ಲಿ ಬದಲಿ ಮದ್ದುಗಳಿದ್ದವು. ಹೀಗಾಗಿ 2022ರ ಮಾರ್ಚ್ 1ರಿಂದ ಯೂರೋಪ್ ಒಕ್ಕೂಟದ ಶಾಂಪೂಗಳಲ್ಲಿ ಅದರ ಬಳಕೆ ನಿಂತಿತು. ಭಾರತದಲ್ಲಿ, ಅಮೇರಿಕದಲ್ಲಿ ಅದು ಇನ್ನೂ ಬಳಕೆಯಲ್ಲಿದೆ.

ನಾವು ಕಲಿಯಬೇಕಾದುದು ಇಷ್ಟು. ಶೀಶೆಯ ಬಣ್ಣ ನೋಡಿ ಮೋಸಹೋಗಬಾರದು. ಹಿಂಭಾಗದ ಚೀಟಿಯಲ್ಲಿ ಮದ್ದಿನ ಹೆಸರು ಇದೆಯೇ ಎಂದು ಓದಬೇಕು. ಮಬ್ಬಾಗಲಿ, ತಿಳಿಯಾಗಲಿ, ಹಚ್ಚಿದೊಡನೆ ತೊಳೆಯದೆ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಬಿಡಬೇಕು. ಹೊಟ್ಟಿಗೆ ಎಣ್ಣೆಯೇ ಮದ್ದೆಂದು ಮಕ್ಕಳ ತಲೆಗೆ ಹೊಯ್ಯುವ ಮುನ್ನ, ಶಿಲೀಂಧ್ರದ ಆಹಾರವೂ ಜಿಡ್ಡೇ ಎಂಬುದು ನೆನಪಿರಲಿ. ಕೆಲವು ವಾರಗಳಾದರೂ ಹೊಟ್ಟು ಬಗ್ಗದಿದ್ದರೆ ವೈದ್ಯರನ್ನು ಕಾಣುವುದೇ ಲೇಸು.